ಡ್ರ್ಯಾಗನ್ ಬಾಯಲ್ಲಿ ಗುಂಡುಸೂಜಿ

ಮಗಳು ಹೊಸ್ತಿಲು ದಾಟಿದ್ದೇ, ಟೈಲರಮ್ಮ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು, ಮಾಯಾಲೋಕದ ಕಾದಂಬರಿಯೊಂದನ್ನು ಮುಂದೆ ಹಿಡಿದಳು. ಮುಖಪುಟದ ಚಿತ್ರ ಮಗಳೇ ಬರೆದದ್ದು. ಅದರಲ್ಲಿದ್ದ ಡ್ರ್ಯಾಗನ್‌ನ ಹಲ್ಲುಗಳ ನಡುವೆಯೂ ಗುಂಡುಸೂಜಿಗಳು.

“ಇದು ಕ್ರೌರ್ಯದ ಸಂಕೇತವಂತೆ, ಪುಸ್ತಕ ತಂದ ಗಿರಾಕಿ ಹೇಳಿದ್ರು. ಈ ರಾಕ್ಷಸಿ ನಾನೇನೇ?”

“ಹೌದಮ್ಮ, ನೀನೇ.”

ಟೈಲರಮ್ಮ ಮುಖಪುಟವನ್ನು ಕಣ್ಣ ಹತ್ತಿರ ತಂದಳು. ಆದರೆ ಡ್ರ್ಯಾಗನ್ ಪಕ್ಕದಲ್ಲಿ ಬರೆದಿದ್ದ ಪುಟ್ಟ ಹುಡುಗಿ ಓಡುತ್ತಿರಲಿಲ್ಲ. ಆ ದವಡೆಗೇ ಒರಗಿ ನಿದ್ದೆಹೋಗಿದ್ದಳು. ಟೈಲರಮ್ಮನಿಗೆ ತಲೆಬುಡ ತಿಳಿಯಲಿಲ್ಲ. “ಹಾಗಾದ್ರೆ ಇವಳಿಗೆ ಹೆದರಿಕೆ ಇಲ್ವಾ?”

“ಬಾಯಲ್ಲಿ ಸೂಜಿ ಇದ್ದಾಗ ಮಾತ್ರ ನೀನು ಬೆಂಕಿ ಉಗುಳ್ತಿರಲಿಲ್ಲ. ಚಿಕ್ಕವಳಿದ್ದಾಗ ನಾನು ಅದೇ ಹೊತ್ತಿಗೆ ಬಂದು ನಿನಗೆ ಒರಗಿ ಕೂರ್ತಿದ್ದೆ.”

ಬೈಯಬೇಕೋ ಅಳಬೇಕೋ ಗೊತ್ತಾಗದೆ, ಟೈಲರಮ್ಮ ಒಂದು ಸೂಜಿ ಎತ್ತಿ ಮತ್ತೆ ತುಟಿಗಳ ನಡುವೆ ಕಚ್ಚಿಕೊಂಡಳು.