ಒಂದೇ ಬಟನ್, ಎರಡು ಕೆಲಸ

ಮಂಜೇಶನಿಗೆ ಯಾರ ಮಾತನ್ನೂ ಕೊನೆಯವರೆಗೆ ಕೇಳುವ ತಾಳ್ಮೆ ಇರಲಿಲ್ಲ.

ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಆಫೀಸಿನ ಫೋನು ಹೊಡೆದುಕೊಂಡಿತು. ಕೊಯಮತ್ತೂರು ಬಳಿಯ ಸಿರುಮುಗೈಯಿಂದ ರಂಗನಾಯಕಿ. ಅಲ್ಲಿಯ ನೇಕಾರರು ನಡೆಸುತ್ತಿದ್ದ ರಕ್ತದಾನಿಗಳ ಸಂಘದಲ್ಲಿ ಕಂಪ್ಯೂಟರಿನ ಮುಂದೆ ಕೂರುವಾಕೆ.

“ತಂಬಿ, ಬಟನ್ ಅಮುಕಿದ್ರೆ ಒಂದೂ ಆಗಲ್ಲ. ರೊಂಬ ಅವಸರ. ನಮ್ಮ ಬೀದಿ ಹುಡುಗಿ, ಕೃತ್ತಿಕಾ. ಹೆರಿಗೆ ಆಗಿ ರಕ್ತ ನಿಲ್ತಾನೇ ಇಲ್ಲ. ಕೊಯಮತ್ತೂರಿಗೆ ತಗೊಂಡೋಗಿದಾರೆ. ಅವಳ ಗ್ರೂಪ್ ಬಂದು...”

“ಅಕ್ಕಾ, ಗ್ರೂಪ್ ನನಗೆ ಬೇಡ. ಒತ್ತಿದಾಗ ಸ್ಕ್ರೀನಲ್ಲಿ ಏನು ಬರುತ್ತೆ, ಅಷ್ಟು ಹೇಳಿ.”

“ಏನೂ ಬರಲ್ಲ. ಮೊದ್ಲು ಹೆಂಗಿತ್ತೋ ಹಂಗೇ.”

“ಒಂದ್ಸಲ ಆಫ್ ಮಾಡಿ ಆನ್ ಮಾಡಿ.” ಫೋನಿಟ್ಟ.

ದಾವಣಗೆರೆಯಿಂದ ಬಂದು ಕೊಯಮತ್ತೂರಿನಲ್ಲಿ ವೆಬ್ ಪುಟ ಮಾಡುವ ಕೆಲಸಕ್ಕೆ ಸೇರಿ ಅವನಿಗೆ ಎರಡು ವರ್ಷ. ಸಂಘದ ಪುಟ ಅವನೊಬ್ಬನದೇ ಕೈಕೆಲಸ. ಬಟನ್ ಒತ್ತಿದರೆ ಪುಟ ಅಲುಗದೆಯೇ ಹಿನ್ನೆಲೆಯಲ್ಲಿ ಸರ್ವರಿಗೆ ಕೋರಿಕೆ ಹೋಗುತ್ತಿತ್ತು. ಸರ್ವರು ಒಂದು ನಿಮಿಷ ಕಾದು, ಹೊಂದುವ ದಾನಿಗಳನ್ನು ಹುಡುಕಿ ಅವರ ಮೊಬೈಲಿಗೆ ಮೆಸೇಜು ಕಳಿಸುತ್ತಿತ್ತು. ದಾನಿಗಳ ಹೆಸರು, ನಂಬರು ಯಾರಿಗೂ ಕಾಣದು. ಅದು ಅವನ ಹೆಮ್ಮೆ. ಪಟ್ಟಿಯಲ್ಲಿ ನೂರ ಹದಿನೆಂಟು ಜನ. ದಾನಿಗಳ ಫಾರ್ಮು ಪರೀಕ್ಷಿಸಲು ತನ್ನದೇ ವಿವರ ತುಂಬಿದ್ದ ಮೊದಲ ಸಾಲನ್ನು ಬಿಟ್ಟರೆ ನೂರ ಹದಿನೇಳು.

ತನ್ನ ಕಂಪ್ಯೂಟರಿನಲ್ಲಿದ್ದ ನಕಲು ಪುಟ ತೆರೆದು ಒತ್ತಿದ. ಕೋರಿಕೆ ಹೋಯಿತು. ಮತ್ತೊಮ್ಮೆ ತೆರೆದು ಒತ್ತಿದ. ಹೋಯಿತು. ಅಸಲಿ ಪುಟವನ್ನು ಅವನು ಮುಟ್ಟಲಿಲ್ಲ; ಪರೀಕ್ಷೆಗೆಂದು ಊರಿಗೆಲ್ಲ ಮೆಸೇಜು ಕಳಿಸಲಾಗುತ್ತದೆಯೇ?

ಅರ್ಧ ಗಂಟೆಗೆ ಎರಡನೇ ಕರೆ.

“ಆಫ್ ಮಾಡಿ ಆನ್ ಮಾಡಿದೆ. ಹಂಗೇ ಇದೆ. ಹಳೇ ನೋಟ್‌ಬುಕ್ ನೋಡಿದೆ, ಈ ಗ್ರೂಪಿನವರು ಇಬ್ರೇ. ಇಬ್ರೂ ಹೋದ ತಿಂಗಳೇ ಕೊಟ್ಟಾಯ್ತು, ಈಗ ಮತ್ತೆ ಕೊಡೋ ಹಂಗಿಲ್ಲ. ಆಸ್ಪತ್ರೆಯಲ್ಲಿದ್ದ ಒಂದು ಚೀಲ ರಕ್ತಾನೂ...”

“ನನ್ನ ಹತ್ತಿರ ಸರಿಯಾಗೇ ಇದೆಯಲ್ಲ ಅಕ್ಕಾ.”

“ನಿಮ್ಮ ಹತ್ರ ಸರಿ ಇದ್ರೆ ಹುಡುಗಿ ನಿಮ್ಮ ಹತ್ರಾನೇ ಬರಬೇಕಾ?”

ಅವನಿಗೆ ಸಿಟ್ಟು ಬಂತು. ಕೊರಳಿನ ಗುರುತಿನ ಕಾರ್ಡು ಕೀಬೋರ್ಡಿಗೆ ತಗುಲಿ ಟಪಟಪ ಅನ್ನುತ್ತಿತ್ತು. ಕಿತ್ತು ಮೇಜಿನ ಮೇಲೆಸೆದ. ಬೋರಲಾಗಿ ಬಿತ್ತು. ಮೊಬೈಲಿನ ಸದ್ದಡಗಿಸಿ ಡ್ರಾಯರಿಗೆ ಹಾಕಿದ. ರಸ್ತೆಯಾಚೆಯ ಆಸ್ಪತ್ರೆಗೆ ಆಂಬುಲೆನ್ಸೊಂದು ಕೂಗಿಕೊಂಡು ಬಂತು. ಎದ್ದು ಕಿಟಕಿ ಮುಚ್ಚಿದ.

ಬಟನ್ ಒತ್ತಿದ್ದು ಪುಟಕ್ಕೆ ಗೊತ್ತಾಗುತ್ತಿದೆಯೋ ಇಲ್ಲವೋ ನೋಡಲು ನಕಲು ಪುಟದ ಕೋಡಿನಲ್ಲಿ ಸಾಲು ಸಾಲಿಗೂ ಅಲರ್ಟ್, ಅಂದರೆ ತೆರೆಯ ಮೇಲೆ ಪುಟಿಯುವ ಸೂಚನೆ, ಹಾಕಿದ. ಎಲ್ಲ ಅಲರ್ಟುಗಳೂ ಬಂದವು. ತಪ್ಪಿಲ್ಲ. ಹನ್ನೆರಡಕ್ಕೆ ಕಾಲು ಗಂಟೆ ಇರುವಾಗ ಮೂರನೇ ಕರೆ. ಈ ಸಲ ರಂಗನಾಯಕಿ ಜಗಳವಾಡಲಿಲ್ಲ. “ಸ್ವಲ್ಪ ನೋಡಿ ತಂಬಿ” ಎಂದಷ್ಟೇ ಹೇಳಿದಳು.

ಆಮೇಲೆ ಅವನು ಅಸಲಿ ಸರ್ವರಿನ ದಾಖಲೆ ತೆರೆದ. ಹೆಸರಿಲ್ಲ, ಗ್ರೂಪಿಲ್ಲ, ಬರೀ ಸಂಖ್ಯೆ, ಸಮಯ. ಕೋರಿಕೆ. ಅದೇ ಸೆಕೆಂಡಿನಲ್ಲಿ ರದ್ದು. ಕೋರಿಕೆ, ರದ್ದು. ಹತ್ತೊಂಬತ್ತು ಜೋಡಿ.

ಯಾರೋ ಬೇಕೆಂದೇ ರದ್ದು ಮಾಡುತ್ತಿದ್ದಾರೆ. ಸಂಘಕ್ಕೆ ಕಂಪ್ಯೂಟರು ಬೇಡವೆಂದು ಕೂಗಾಡಿದ್ದ ಸದಸ್ಯ ಸೆಲ್ಲಪ್ಪನ್ ನೆನಪಾದ. ಮುಕ್ಕಾಲು ಗಂಟೆ ಅವನ ಜಾಡು ಹುಡುಕಿದ. ಸಿಗಲಿಲ್ಲ. ಹನ್ನೆರಡೂ ಐವತ್ತಕ್ಕೆ ತಾನೇ ಫೋನು ಮಾಡಿದ.

“ಅಕ್ಕಾ, ಪಕ್ಕದಲ್ಲಿ ಯಾರಿದ್ದಾರೆ?”

“ನಾನೊಬ್ಳೇ.”

“ಸರಿ. ಈಗ ಒತ್ತಿ.”

ಟಕ್-ಟಕ್. ಫೋನಿನಲ್ಲಿ ಮೌಸಿನ ಸದ್ದು ಸ್ಪಷ್ಟವಾಗಿ ಕೇಳಿತು.

“ಎರಡು ಸಲ ಯಾಕೆ ಒತ್ತಿದಿರಿ?”

“ನೀವೇ ಅಲ್ವಾ ಕಲಿಸಿದ್ದು? ಕಂಪ್ಯೂಟರಲ್ಲಿ ಏನು ತೆಗೀಬೇಕಾದ್ರೂ ಟಕ್-ಟಕ್ ಅಂತ.”

ಕಲಿಸಿದ್ದ. ಪುಟದ ಉದ್ಘಾಟನೆಯ ದಿನ, ಬಸ್ಸಿಗೆ ಹೊತ್ತಾಯಿತೆಂದು ಹತ್ತೇ ನಿಮಿಷದಲ್ಲಿ. ಒಮ್ಮೆ ಒತ್ತಿದರೆ ಕೋರಿಕೆ, ಅದೇ ಬಟನ್ನನ್ನು ಮತ್ತೆ ಒತ್ತಿದರೆ ರದ್ದು ಎಂಬುದನ್ನು ಹೇಳಲು ಮರೆತಿದ್ದ.

“ಒಂದೇ ಸಲ ಒತ್ತಿ ಅಕ್ಕಾ. ಒಂದೇ.”

ಟಕ್. ಸರ್ವರು ಕಾಯುವ ಒಂದು ನಿಮಿಷ ಕಳೆಯಿತು.

“ಹೋಯ್ತು ತಂಬಿ! ಒಬ್ರಿಗೆ ಹೋಯ್ತು ಅಂತ ಬಂತು. ಒಬ್ರೇ ಇರೋದು. ಸಾಕು, ಒಬ್ರು ಸಾಕು.”

ಮಂಜೇಶನಿಗೆ ಹಗುರವಾಯಿತು. ಊಟಕ್ಕೂ ಏಳದೆ, ಎರಡು ಸಲ ಒತ್ತಿದರೂ ಒಂದೇ ಎಂದು ಲೆಕ್ಕವಾಗುವಂತೆ ಪುಟವನ್ನು ತಿದ್ದಿದ. ಅಚ್ಚುಕಟ್ಟಾಗಿ ಬಂತು. ಅಷ್ಟರಲ್ಲಿ ಒಂದೂ ಮೂವತ್ತೈದು. ಫೋನು.

“ಮುಗೀತು ತಂಬಿ.” ರಂಗನಾಯಕಿಯ ದನಿಯಲ್ಲಿ ಅಳುವಿರಲಿಲ್ಲ. “ಆ ಒಬ್ರು ಬರಲೇ ಇಲ್ಲ.”

“ಕೆಲವರು ಹಾಗೇ ಅಕ್ಕಾ,” ಎಂದ. “ಮೆಸೇಜು ಬಂದರೂ ತೆಗೆದು ನೋಡಲ್ಲ.”

“ಮಗು ಚೆನ್ನಾಗಿದೆಯಂತೆ,” ಎಂದು ಆಕೆ ಫೋನಿಟ್ಟಳು.

ಅವನು ಎದ್ದು ಕಿಟಕಿ ತೆರೆದ. ಆಸ್ಪತ್ರೆಯ ಗೇಟಿನಲ್ಲಿ ಹೆಂಗಸರು ನೆಲಕ್ಕೆ ಕುಸಿದು ಕೂತಿದ್ದರು. ಡ್ರಾಯರು ಎಳೆದು ಮೊಬೈಲು ತೆಗೆದ. ಓದದ ಮೆಸೇಜು ಒಂದು, ಹನ್ನೆರಡೂ ಐವತ್ತೆರಡಕ್ಕೆ ಬಂದದ್ದು. ಓ ನೆಗೆಟಿವ್, ತುರ್ತು, ಕೃತ್ತಿಕಾ. ಕೆಳಗೆ ರಸ್ತೆಯಾಚೆಯ ಆಸ್ಪತ್ರೆಯ ಹೆಸರು. ಮೇಜಿನ ಮೇಲೆ ಬೋರಲು ಬಿದ್ದ ಅವನ ಕಾರ್ಡಿನ ಬೆನ್ನ ಮೇಲೂ ಅದೇ ಮೊದಲ ಎರಡು ಪದ, ಕೆಂಪು ಅಕ್ಷರದಲ್ಲಿ.

ಮೂರು ಗಂಟೆ ಇಪ್ಪತ್ತೈದು ನಿಮಿಷ, ಇಪ್ಪತ್ತೊಂದು ಕೋರಿಕೆ, ಒಂದು ಜೀವ.