ಅಳಿಸಿದ ಮೇಲೆ ಮೂರು ಕಿಲೋಮೀಟರ್

ವೇಣಿ ವೀಲ್ ಸ್ಪ್ಯಾನರನ್ನು ಮೈದುನ ಮುರಳಿಯ ಗಂಟಲಿಗೆ ಒತ್ತಿ, ಇನ್ನೊಂದು ಕೈಯ ಮೊಬೈಲನ್ನು ಅವನ ಮೂಗಿನೆದುರು ಹಿಡಿದಳು. "ಓದೋ! ಜೋರಾಗಿ ಓದು!"

ನಿನ್ನೆ ಹೊಸೂರು ರಸ್ತೆಯ ನಟ್ಟನಡುವೆ ಅವಳು ಓಡಿಸುತ್ತಿದ್ದ ವ್ಯಾನಿನ ಎಂಜಿನ್ ನಿಂತು, ಹನ್ನೆರಡು ಸ್ಕೂಲ್ ಮಕ್ಕಳ ಬೆನ್ನ ಹಿಂದೆ ಗೇಣು ದೂರದಲ್ಲಿ ಲಾರಿಯೊಂದು ಬ್ರೇಕ್ ಹಾಕಿತ್ತು. ಶೋರೂಮಿನವರು ರಿಪೇರಿಗೆ ಮುಂದಿನ ತಿಂಗಳು ಬನ್ನಿ ಎಂದಿದ್ದರು. ಇಂದು ಅವಳೇ ಎಂಜಿನ್ ದೋಷ ಪತ್ತೆಹಚ್ಚಿ ಮೊಬೈಲಿಗೆ ಕಳಿಸುವ ಸ್ಕ್ಯಾನರ್ ತಂದು ಸ್ಟೇರಿಂಗ್ ಕೆಳಗೆ ಸಿಕ್ಕಿಸಿದ್ದಳು. ಮೊಬೈಲಿನಲ್ಲಿ ದೋಷದ ಕೋಡ್ ಒಂದೂ ಕಾಣಿಸಲಿಲ್ಲ. 'ಕೋಡ್ ಅಳಿಸಿದ ಮೇಲೆ ಓಡಿದ್ದು ಮೂರು ಕಿಲೋಮೀಟರ್' ಎಂದಷ್ಟೇ ಇತ್ತು. ಮುರಳಿ ಬೆಳಗಿನ ಪಾಳಿಯವರನ್ನು ಫ್ಯಾಕ್ಟರಿಯಲ್ಲಿ ಇಳಿಸಿ, ಅಲ್ಲಿಂದ ವ್ಯಾನನ್ನು ಅವಳಿಗೊಪ್ಪಿಸಲು ಬಂದದ್ದೂ ಅಷ್ಟೇ ದೂರ.

"ದಿನಾ ಎಂಜಿನ್ ಲೈಟ್ ಹತ್ಕೊಳ್ತಿತ್ತು, ಅಳಿಸ್ತಿದ್ದೆ ಅತ್ತಿಗೆ. ಕಂಡ್ರೆ ನೀನು ಗಾಡಿ ಮೂಲೆಗೆ ನಿಲ್ಲಿಸ್ಬಿಡ್ತೀಯ, ಫ್ಯಾಕ್ಟರಿ ಟ್ರಿಪ್ ಕೈ ತಪ್ಪುತ್ತೆ. ನಡುರೋಡಲ್ಲಿ ನಿಂತೋಗುತ್ತೆ ಅಂತ ನಂಗೇನು ಗೊತ್ತು?"

"ಗೊತ್ತಿರ್ಲಿಲ್ವಾ? ಹಂಗಾದ್ರೆ ಮೂರು ದಿನದಿಂದ ನಿನ್ನ ಮಗಳನ್ನ ಮಾತ್ರ ಯಾಕೋ ಈ ವ್ಯಾನ್ ಹತ್ತಿಸ್ದೆ ಬೈಕಲ್ಲಿ ಸ್ಕೂಲಿಗೆ ಬಿಡ್ತಿದೀಯ?"

ಮುರಳಿಯ ಕೈ ಮೆಲ್ಲಗೆ ಬಾನೆಟ್ ಮೇಲಿದ್ದ ವ್ಯಾನಿನ ಕೀ ಕಡೆಗೆ ಸರಿಯಿತು. ವೇಣಿ ಮೊಬೈಲ್ ಕೆಳಗೆ ಬಿಟ್ಟು, ಎರಡೂ ಕೈಯಲ್ಲಿ ಸ್ಪ್ಯಾನರ್ ಎತ್ತಿ ಆ ಕೈಯ ಮೇಲೆಯೇ ಇಳಿಸಿದಳು. ಮೂಳೆ ಮುರಿದ ಸದ್ದು ಇಬ್ಬರಿಗೂ ಕೇಳಿಸಿತು.