ಪಂಚಾಕ್ಷರಿಯ ತಾಯಿ

"ಇವತ್ತೇ ಬರಬೇಕಿತ್ತಾ ಇವನು?"

ಗುರುಶಾಂತಮ್ಮ ಯಾರನ್ನೂ ಕೇಳಿದ್ದಲ್ಲ. ಬೀದಿಯ ತಿರುವಿನಲ್ಲಿ ಎತ್ತಿನ ಗಂಟೆ ಕೇಳಿಸಿತ್ತು. ಅತ್ತೆಯ ಹನ್ನೊಂದನೇ ದಿನದ ಗಣಾರಾಧನೆ ಮುಗಿಸಿ, ಎಲೆ ಎತ್ತಿ, ಈಗಷ್ಟೇ ಗೋಡೆಗೆ ಒರಗಿದ್ದಳು. ಅಷ್ಟರಲ್ಲಿ ಹೆಳವ ಬೀರಯ್ಯ. ಏಳೆಂಟು ವರ್ಷಕ್ಕೊಮ್ಮೆ ಬರುವವನು. ಬಂದರೆ ಮನೆತನದ ತಲೆಮಾರುಗಳನ್ನೆಲ್ಲ ಹಾಡಿ ಹೇಳಿಯೇ ಏಳುವವನು.

ಗಂಡ ಪಂಚಾಕ್ಷರಪ್ಪನಿಗೆ ಮಾತ್ರ ಶಿವನೇ ಕಳಿಸಿದಂತಾಯಿತು. ಜಗಲಿಗೆ ಕಂಬಳಿ ಹಾಸಿದ. ಅವ್ವನ ಹೆಸರು ಹೆಳವನ ಪುಸ್ತಕಕ್ಕೆ ಇವತ್ತೇ ಸೇರಬೇಕು, ಕೂತಿರುವ ನೆಂಟರ ಮುಂದೆಯೇ ಹಾಡಬೇಕು ಎಂದ. ಅದರಲ್ಲಿ ಇಲ್ಲದಿದ್ದರೆ ಮೂರು ತಲೆಮಾರಾದ ಮೇಲೆ ಅವ್ವ ಈ ಮನೆಯವಳು ಅಂತ ಹೇಳುವವರು ಯಾರು?

ಬೀರಯ್ಯ ಎತ್ತಿನಿಂದ ಇಳಿಯಲು ತಡಮಾಡಿದ. ವಯಸ್ಸಾಯಿತು, ದಾರಿ ಸವೆಸಿ ದಣಿದಿದ್ದೇನೆ, ಇನ್ನೊಮ್ಮೆ ಬರುತ್ತೇನೆ ಎಂದ. ಪಂಚಾಕ್ಷರಪ್ಪ ಬಿಡಲಿಲ್ಲ.

ಜಗಲಿಯ ತುಂಬ ಅವ್ವನ ಮಾತೇ. ಪ್ಲೇಗಿನ ವರ್ಷ ಪಂಚಾಕ್ಷರಪ್ಪನ ಅಪ್ಪ ಶಿವಮೂರ್ತಪ್ಪನ ಹಿಂದೆ ಸಿಂಗಟಗೆರೆ ಬಿಟ್ಟು, ತಿಂಗಳ ಕೂಸನ್ನು ಸೆರಗಲ್ಲಿ ಸುತ್ತಿಕೊಂಡು ಬುಕ್ಕಾಂಬುಧಿಗೆ ಬಂದವಳು. ತನ್ನವರನ್ನೆಲ್ಲ ಪ್ಲೇಗು ತಿಂದಿತೆಂದು ಹೇಳುತ್ತಿದ್ದಳು. ತವರಿನಿಂದ ಒಂದು ಕುಪ್ಪಸವೂ ಬಂದದ್ದಿಲ್ಲ. ಶಿವಮೂರ್ತಪ್ಪ ಬೇಗನೆ ಹೋದ. ಇದ್ದೊಬ್ಬ ಮಗನಿಗಾಗಿ ನೇಗಿಲನ್ನೂ ಹಿಡಿದಳು. ಈ ಮನೆಯಲ್ಲಿ ನಲವತ್ತನಾಲ್ಕು ವರ್ಷ ಬಾಳಿದಳು.

"ಓಟಿನ ಪಟ್ಟಿಯೋನು ಹೆಸರು ಕೇಳಿದ್ರೆ, ಪಂಚಾಕ್ಷರಿ ತಾಯಿ ಅಂತ ಬರಕೋ, ಬ್ಯಾರೆ ಹೆಸರು ನಂಗ್ಯಾಕೆ ಅಂದ್ಲು ಕಣ್ರೀ," ಎಂದ ಪಕ್ಕದ ಮನೆಯ ಕಲ್ಲೇಶಪ್ಪ. "ಸ್ವಂತ ಹೆಸರಿಲ್ಲ ಅಂತ ಪಟ್ಟಿಯಿಂದ ತೆಗೆದಾಕಿದ್ರು, ಆ ಸಲ ಓಟೂ ಹೋಯ್ತು."

ಗುರುಶಾಂತಮ್ಮನಿಗೆ ಇನ್ನೊಂದು ನೆನಪಾಯಿತು. ಹೆಳವನಿಗೆ ಮೊರದ ತುಂಬ ರಾಗಿ ತಂದಿಟ್ಟರೆ ಹಾಡು ಮುಗಿಯಿತೆಂದೇ ಅರ್ಥ. ಪ್ರತಿಸಲವೂ ಶಿವಮೂರ್ತಪ್ಪನ ಹೆಸರು ಬರುತ್ತಿದ್ದಂತೆ ಅತ್ತೆ ಮೊರ ಹಿಡಿದು ಬಂದುಬಿಡುತ್ತಿದ್ದಳು. ಗಂಡನ ಹೆಸರು ಕೇಳಲು ನಾಚಿಕೆ ಎಂದು ಹೆಂಗಸರು ನಗುತ್ತಿದ್ದರು.

ಇವತ್ತು ಮೊರ ತರುವವರಿರಲಿಲ್ಲ.

ಬೀರಯ್ಯ ಸುತ್ತಿದ್ದ ಬಟ್ಟೆ ಬಿಡಿಸಿ ಪುಸ್ತಕ ತೆರೆದ. ಮುತ್ತಜ್ಜ, ಅಜ್ಜ, ಶಿವಮೂರ್ತಪ್ಪ. ಅಲ್ಲಿಗೆ ನಿಲ್ಲಿಸಿ ಪಂಚಾಕ್ಷರಪ್ಪನ ಮುಖ ನೋಡಿದ. ಮುಂದೆ ಹೇಳು ಎಂದ ಅವನು. ಬೀರಯ್ಯ ಕಣ್ಣು ಮುಚ್ಚಿಕೊಂಡ.

"ಶಿವಮೂರ್ತಪ್ಪನ ಕೈಹಿಡಿದವಳು ತೀರ್ಥಮ್ಮ. ಪ್ಲೇಗಿನ ವರ್ಷ, ಊರಾಚೆಯ ಗುಡಿಸಲಲ್ಲಿ, ಪಂಚಾಕ್ಷರಿಯ ಹೆತ್ತ ಒಂಬತ್ತನೇ ದಿನಕ್ಕೆ ಲಿಂಗೈಕ್ಯಳಾದಳು."



"ಹಂಗಾದ್ರೆ ನಾವು ಮಣ್ಣು ಮಾಡಿದ್ದು ಯಾರನ್ನಯ್ಯಾ?" ಎಂದ ಕಲ್ಲೇಶಪ್ಪ. ಯಾರೂ ನಗಲಿಲ್ಲ.

ಪಂಚಾಕ್ಷರಪ್ಪನ ವಿಭೂತಿ ಬೆವರಿಗೆ ಕರಗಿತ್ತು. ಬರೆದವನು ಬೀರಯ್ಯನ ಅಪ್ಪ, ತಪ್ಪು ಅವನದೇ ಎಂದ. ಸಾಲು ಗುಡಿಸಲುಗಳಲ್ಲಿ ದಿನಕ್ಕೆ ಹತ್ತು ಹೆಣ ಬೀಳುತ್ತಿದ್ದಾಗ ಯಾರ ಸಾವನ್ನೋ ಯಾರ ಮನೆಗೋ ಬರೆದುಬಿಟ್ಟಿದ್ದಾನೆ ಎಂದ. ಆಮೇಲೆ ದನಿ ಇಳಿಯಿತು.

"ಆ ಸಾಲು ಹೊಡೆದಾಕು ಬೀರಯ್ಯ. ಹಾಲು ಕೊಡೋ ಹಸ ಬಿಚ್ಚಿಕೊಡ್ತೀನಿ. ಅಲ್ಲಿ ನಮ್ಮವ್ವನ್ನ ಬರಿ."

ಬೀರಯ್ಯ ಪುಸ್ತಕ ಮುಚ್ಚಿದ.

"ನಾನು ಬರೆಯಲ್ಲ ಕಣಪ್ಪಾ. ಆ ಸಾಲು ಬರೆಸಿದ್ದೇ ನಿಮ್ಮವ್ವ. ಪಕ್ಕದ ಗುಡಿಸಲಲ್ಲಿ ಗಂಡನ್ನೂ ಕೂಸನ್ನೂ ಕಳಕೊಂಡು ನಿಂಗೆ ಹಾಲು ಕೊಡೋಕೆ ಬಂದೋಳು, ಹೆತ್ತೋಳ ಜಾಗದಾಗೆ ನನ್ನ ಯಾವತ್ತೂ ಬರೀಬ್ಯಾಡಿ ಅಂತ ನಮ್ಮಪ್ಪನ ಕೈಲಿ ಭಾಷೆ ಹಾಕಿಸ್ಕಂಡಿದ್ಲು."